ಸಾಂಬಾರಿನ ಕಾರು, ಅಜ್ಜಿಯ ಬೋನಸ್ಸು

ಮುಂಬಯಿಯ ಫೋರ್ಟಿನಲ್ಲಿದ್ದ ನಮ್ಮ ವಿಮಾ ಕಚೇರಿಯ ಮೋಟಾರು ವಿಭಾಗಕ್ಕೆ ನಾನು ಸೇರಿದಾಗ ಅಲ್ಲಿ ಒಬ್ಬರ ಹತ್ತಿರವೂ ಕಾರಿರಲಿಲ್ಲ. ಊರವರ ಕಾರುಗಳಿಗೆಲ್ಲ ಬೆಲೆ ಕಟ್ಟುತ್ತಿದ್ದ ನಾವು ಬರುತ್ತಿದ್ದದ್ದು ಲೋಕಲ್ ರೈಲಿನಲ್ಲಿ, ಟಿಫಿನ್ ಡಬ್ಬಿಯನ್ನು ಎದೆಗವಚಿಕೊಂಡು, ಇನ್ನೊಬ್ಬರ ಬೆನ್ನಿಗೆ ಮುಖ ಒತ್ತಿಕೊಂಡು. ನಮ್ಮ ಮೇಲಧಿಕಾರಿ ಗೋಖಲೆ ಸಾಹೇಬರಿಗಂತೂ ಡ್ರೈವಿಂಗ್ ಗೊತ್ತೇ ಇರಲಿಲ್ಲ. ಒಮ್ಮೆ ಹಾರ್ನ್ ಒತ್ತಿ ನೋಡಲು ಕಾರಿನೊಳಗೆ ಕೂತವರು, ಬಾಗಿಲು ತೆರೆಯುವ ಹಿಡಿ ಎಲ್ಲಿದೆಯೆಂದು ತಿಳಿಯದೆ, ಗಾಜಿನ ಹಿಂದಿನಿಂದ ಗಂಭೀರವಾಗಿ ನನಗೆ ಕೈಸನ್ನೆ ಮಾಡಿದ್ದರು. ನಾನು ಬಾಗಿಲು ತೆಗೆದೆ. ಅವರು ಇಳಿದು ಟೈ ಸರಿಮಾಡಿಕೊಂಡು, ಹಾರ್ನ್ ಸರಿಯಾಗಿದೆ ಎಂದು ಬರೆದುಕೊಳ್ಳಲು ಹೇಳಿದರು.

ಈಗ ಈ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರಿಗೆ ನಾನು ಹೇಳಹೊರಟಿರುವುದು ಬಡ್ತಿಯ ಕಥೆಯಲ್ಲ. ಬಡ್ತಿ ಸಿಕ್ಕಿತು, ಅಷ್ಟು ಸಾಕು. ಕೆಲಸ ಹೇಗಿತ್ತು ಎನ್ನುವುದೇ ನನಗೆ ಹೇಳಬೇಕಾದ ಮಾತು. ಸಣ್ಣಪುಟ್ಟ ಅಪಘಾತಗಳ ಗಾಡಿಗಳನ್ನು ನಾವೇ ಗ್ಯಾರೇಜಿಗೆ ಹೋಗಿ ನೋಡಬೇಕಿತ್ತು. ಬಾನೆಟ್ ಎತ್ತಿ, ಚಾಸಿ ನಂಬರು ಕೊರೆದ ಜಾಗವನ್ನು ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿ, ಅದರ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿದರೆ ಅಂಕಿಗಳು ಒಂದೊಂದಾಗಿ ಮೂಡಿಬರುತ್ತಿದ್ದವು. ನನಗೆ ಆ ಕೆಲಸವೆಂದರೆ ಪ್ರಾಣ. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಎಂಜಿನ್ನಿನೊಳಗೆ ತಲೆ ಹಾಕಿದ ಹೆಂಗಸನ್ನು ನೋಡಲು ಗ್ಯಾರೇಜಿನ ಮಿಸ್ತ್ರಿಗಳು ಕೆಲಸ ಬಿಟ್ಟು ಬಂದು ನಿಲ್ಲುತ್ತಿದ್ದರು, ಆಮೇಲೆ ತಾವಾಗಿಯೇ ಟಾರ್ಚು ಹಿಡಿಯುತ್ತಿದ್ದರು. ಮುಂದೆ ರೋಲ್ ಕ್ಯಾಮೆರಾ ಬಂತು, ಅದಾದಮೇಲೆ ಫೋನು ಬಂತು. ನಾನು ನಿವೃತ್ತಳಾಗುವ ಹೊತ್ತಿಗೆ ಮಾಲೀಕರೇ ತಮ್ಮ ಕಾರಿನ ಸುತ್ತ ಒಂದು ಸುತ್ತು ಬಂದು ವಿಡಿಯೋ ಕಳಿಸುತ್ತಿದ್ದರು.

ವಿಡಿಯೋದಲ್ಲಿ ಒಂದು ಕೊರತೆ ಇದೆ. ಅದರಲ್ಲಿ ವಾಸನೆ ಬರುವುದಿಲ್ಲ. ಗೋಖಲೆ ಸಾಹೇಬರು ನನಗೆ ಮೊದಲ ವಾರ ಕಲಿಸಿದ್ದು ಮೂಗನ್ನು ಬಳಸುವುದನ್ನು. ಮಾಲೀಕನ ಜೊತೆ ಮಾತಾಡುವ ಮೊದಲು ಗಾಡಿಯ ಜೊತೆ ಮಾತಾಡು ಎನ್ನುತ್ತಿದ್ದರು ಮರಾಠಿಯಲ್ಲಿ. ಜಯಕರ ಶೆಟ್ಟರ ಪರಿಚಯ ನನಗೆ ಆದದ್ದು ಹೀಗೆ, ಮೂಗಿನ ಮೂಲಕ.

ಶೆಟ್ಟರು ಉಡುಪಿ ಕಡೆಯವರು, ಗ್ರಾಂಟ್ ರೋಡಿನಲ್ಲಿ ಅವರದೊಂದು ಹೋಟೆಲು, ಮನೆ ಸಯನ್‌ನಲ್ಲಿ, ನಮ್ಮ ಬಿಲ್ಡಿಂಗಿನಿಂದ ಎರಡು ರಸ್ತೆ ಆಚೆ. ಆಗ ಅವರ ಕಾರು ಬಸ್ಸಿನ ಹಿಂಭಾಗಕ್ಕೆ ಗುದ್ದಿ ಮೂತಿ ಜಜ್ಜಿಕೊಂಡು ಗ್ಯಾರೇಜಿನಲ್ಲಿತ್ತು. ಕಾಗದಪತ್ರವೆಲ್ಲ ಸರಿಯಾಗಿತ್ತು. ಬಾಗಿಲು ತೆಗೆದೆ ನೋಡಿ, ಘಮ್ಮೆಂದು ಇಂಗು, ಕೊತ್ತಂಬರಿ, ಹುಣಸೆಹುಳಿ. ಹಿಂದಿನ ಸೀಟು ಇರಲೇ ಇಲ್ಲ, ಬಿಚ್ಚಿ ಇಟ್ಟಿದ್ದರು. ನೆಲದಲ್ಲಿ ದುಂಡನೆಯ ಪಾತ್ರೆಗಳ ಗುರುತು, ಮೂಲೆಯಲ್ಲಿ ಒಣಗಿದ ಕರಿಬೇವು. ದಿನಾ ಬೆಳಿಗ್ಗೆ ಗ್ರಾಂಟ್ ರೋಡಿನಿಂದ ಫೋರ್ಟಿನ ಆಫೀಸುಗಳಿಗೆ ಇಡ್ಲಿ ಸಾಂಬಾರು ಹೋಗುತ್ತಿದ್ದದ್ದು ಈ ಕಾರಿನಲ್ಲಿ. ಅದರಲ್ಲಿ ಒಂದಷ್ಟು ನಮ್ಮ ಆಫೀಸಿಗೂ ಬರುತ್ತಿತ್ತು, ನಾನೂ ಬಾಯಿ ಚಪ್ಪರಿಸಿಕೊಂಡು ತಿಂದಿದ್ದೆ. ಆದರೆ ಮನೆಬಳಕೆಯ ಕಾರಿನ ಪಾಲಿಸಿಯಲ್ಲಿ ಸ್ವಂತ ಸಾಮಾನು ಬಿಟ್ಟು ವ್ಯಾಪಾರದ ಸರಕು ಸಾಗಿಸುವ ಹಾಗಿಲ್ಲ. ಕ್ಲೇಮು ಪಾಸಾಗುವುದಿಲ್ಲ ಎಂದು ಅವರಿಗೆ ಅಲ್ಲಿಯೇ ಹೇಳಿದೆ.

ಶೆಟ್ಟರು ಕೋಪಿಸಿಕೊಳ್ಳಲಿಲ್ಲ, ವಾದಕ್ಕಿಳಿದರು.

"ಗಿರಾಕಿ ತಿನ್ನುವ ತನಕ ಅದು ನಮ್ಮದೇ ಸಾಂಬಾರು ಅಲ್ವಾ ಮೇಡಂ? ಸ್ವಂತ ಸಾಮಾನು ಅಂದ್ರೆ ಮತ್ತೆಂತದು?"

ಈ ವಾದವನ್ನು ನಾನು ಹಾಗೆಯೇ ಗೋಖಲೆ ಸಾಹೇಬರಿಗೆ ಒಪ್ಪಿಸಿದೆ. ಅವರು ಎಂದೂ ನಗದವರು, ಅಂದು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ನಕ್ಕು ಕ್ಲೇಮನ್ನು ತಿರಸ್ಕರಿಸಿದರು. ಶೆಟ್ಟರು ಸ್ವಂತ ಖರ್ಚಿನಲ್ಲಿ ರಿಪೇರಿ ಮಾಡಿಸಿ ಆ ಕಾರನ್ನು ಮಾರಿದರು, ಸರಕು ಸಾಗಿಸಲು ಸರಿಯಾದ ಪಾಲಿಸಿಯಿರುವ ಟೆಂಪೋ ಕೊಂಡರು. ಮನೆಗೆಂದು ಬೇರೆಯೇ ಒಂದು ಸಣ್ಣ ಕಾರು ಬಂತು. ಅವರ ಮನೆತನದಲ್ಲಿ ಆಸ್ತಿ ನಡೆದುಬಂದದ್ದು ಹೆಣ್ಣಿನ ಕಡೆಯಿಂದ, ಹಾಗಾಗಿ ಮನೆಗೆ ಏನು ಬಂದರೂ ಅದು ಅವರ ತಾಯಿ ಸುಂದರಿ ಶೆಡ್ತಿಯವರ ಹೆಸರಿಗೆ. ಕಾರೂ ಅವರ ಹೆಸರಿನಲ್ಲೇ ನೋಂದಣಿಯಾಯಿತು. ಪಾಲಿಸಿ ಮಾಡಿಸಲು ನನ್ನ ಮೇಜಿಗೇ ಬಂದ ಶೆಟ್ಟರು, ಈ ಗಾಡಿಗೆ ಜನ್ಮದಲ್ಲಿ ಸಾಂಬಾರಿನ ವಾಸನೆ ತಾಗಲಿಕ್ಕಿಲ್ಲ ಎಂದು ಆಣೆಯಿಟ್ಟರು. ಆಣೆಯನ್ನು ಎಷ್ಟು ನಿಷ್ಠೆಯಿಂದ ಪಾಲಿಸಿದರೆಂದರೆ ಆ ಗಾಡಿ ಬಿಲ್ಡಿಂಗಿನ ಕೆಳಗೆ ಬಟ್ಟೆ ಹೊದ್ದುಕೊಂಡು ನಿಂತದ್ದೇ ಬಂತು. ಆಯುಧಪೂಜೆಗೆ ಹೂವಿನ ಹಾರ, ಹಬ್ಬಕ್ಕೆ ಮಾಟುಂಗದ ದೇವಸ್ಥಾನದ ತನಕ ಒಂದು ಸವಾರಿ, ಮತ್ತೆ ಬಟ್ಟೆ. ಶೆಟ್ಟರು ಮಾತ್ರ ಹೋಟೆಲಿಗೆ ಲೋಕಲ್ಲಿನಲ್ಲಿ ಹೋಗುತ್ತಿದ್ದರು.

ಇನ್ನೊಂದು ಪ್ರಕರಣವನ್ನು ಹೇಳದೆ ಮುಂದೆ ಹೋಗಲಾರೆ. ಒಬ್ಬ ತಂದೆ ಮಗನ ಹದಿನೆಂಟನೇ ಹುಟ್ಟುಹಬ್ಬಕ್ಕೆ ಕೆಂಪು ಕಾರು ಕೊಡಿಸಿದ್ದರು. ಹುಡುಗನ ಹತ್ತಿರ ಇದ್ದದ್ದು ಲರ್ನಿಂಗ್ ಲೈಸೆನ್ಸು. ಪಕ್ಕದಲ್ಲಿ ಲೈಸೆನ್ಸಿರುವವರು ಕೂತಿರಬೇಕೆಂಬ ನಿಯಮ ಅವನಿಗೆ ಗೊತ್ತಿತ್ತು, ಆದರೆ ಲೈಸೆನ್ಸಿಲ್ಲದ ಸ್ನೇಹಿತರನ್ನೇ ಕೂರಿಸಿಕೊಂಡು ಹೋಗಿ ಹಣ್ಣಿನ ಗಾಡಿಗೆ ಗುದ್ದಿದ. ಯಾರಿಗೂ ಪೆಟ್ಟಾಗಲಿಲ್ಲ, ದೇವರು ದೊಡ್ಡವನು. ನಾನು ಹೋದಾಗ ಬಾನೆಟ್ಟಿನ ಸಂದಿಯಲ್ಲಿ ಪಪ್ಪಾಯಿ ಇತ್ತು. ಕ್ಲೇಮು ಸಿಗಲಿಲ್ಲ. ಆ ಹುಡುಗ ಆಮೇಲೆ ಒಳ್ಳೆಯ ಚಾಲಕನಾದ, ಆದರೆ ಅವನ ಮನೆಯಲ್ಲಿ ಬಹಳ ದಿನ ಪಪ್ಪಾಯಿ ತರುತ್ತಿರಲಿಲ್ಲವಂತೆ.

ನಿವೃತ್ತಳಾದ ಮೇಲೆ ಸಯನ್‌ನ ಮನೆಯಲ್ಲಿ ಆರಾಮವಾಗಿ ಕೂತಿದ್ದೆ. ಒಂದು ಭಾನುವಾರ ಬೆಳಿಗ್ಗೆ ಶೆಟ್ಟರು ಮಗಳನ್ನು ಕರೆದುಕೊಂಡು ಬಂದರು, ಕೈಯಲ್ಲಿ ಬಿಸಿ ಗೋಳಿಬಜೆಯ ಪೊಟ್ಟಣ. ಇಷ್ಟು ವರ್ಷದಲ್ಲಿ ನಾನು ಮೇಡಂ ಹೋಗಿ ರತ್ನಕ್ಕ ಆಗಿದ್ದೆ. ಮಗಳು ಪೂರ್ವಿಗೆ ಹತ್ತೊಂಬತ್ತು, ಪಕ್ಕಾ ಲೈಸೆನ್ಸು ಆಗಲೇ ಕೈಗೆ ಬಂದಿತ್ತು. ಕಾಲೇಜಿನ ಜೊತೆಗೆ ಮಕ್ಕಳಿಗೆ ಬ್ಯಾಡ್ಮಿಂಟನ್ ಹೇಳಿಕೊಟ್ಟು ತನ್ನ ಕೈಖರ್ಚು ತಾನೇ ನೋಡಿಕೊಳ್ಳುವ ಹುಡುಗಿ. ಅವಳಿಗೆ ಕಾರು ಬೇಕಾದದ್ದು ತಿರುಗಾಟಕ್ಕಲ್ಲ. ಅಜ್ಜಿಯ ಮಂಡಿ ಹಿಡಿದುಕೊಂಡು ಸ್ಟೇಷನ್ನಿನ ಮೆಟ್ಟಿಲು ಹತ್ತಲಾಗದೆ, ಹತ್ತಿರದ ಬಾಡಿಗೆಗೆ ಟ್ಯಾಕ್ಸಿಯವರು ಬಾರದೆ, ಶನಿವಾರದ ಭಜನೆಯೇ ತಪ್ಪಿಹೋಗಿತ್ತು. ಮಾಟುಂಗದ ಭಜನಾ ಮಂಡಳಿಯಲ್ಲಿ ತಾಳ ಹಾಕುವವರು ಸುಂದರಿ ಅಜ್ಜಿಯೇ. ತಾಳ ನಿಂತ ಮೇಲೆ ಅಜ್ಜಿಯ ಮಾತೂ ಕಡಿಮೆಯಾಯಿತು ಎಂದು ಪೂರ್ವಿಗೆ ಸಂಕಟ. ಹಬ್ಬಕ್ಕೊಮ್ಮೆ ಹೊರಡುವ ಆ ಹಳೆಯ ಕಾರು ವಾರವಾರ ಓಡುವ ಸ್ಥಿತಿಯಲ್ಲಿರಲಿಲ್ಲ, ಅದರ ನೋಂದಣಿಯ ಅವಧಿಯೂ ಮುಗಿಯುತ್ತ ಬಂದಿತ್ತು.

ಶೆಟ್ಟರಿಗೆ ಮಗಳ ಕೈಗೆ ಸ್ಟಿಯರಿಂಗ್ ಕೊಡಲು ಎದೆ ಢವಢವ. ನೇರವಾಗಿ ಬೇಡ ಎನ್ನಲೂ ಮನಸ್ಸಿಲ್ಲ. ಅದಕ್ಕೆ ಒಂದು ಉಪಾಯ ಹೂಡಿದ್ದರು. ಕಾರು ನಾನು ಕೊಡಿಸುತ್ತೇನೆ, ಪ್ರತಿ ವರ್ಷದ ಇನ್ಶೂರೆನ್ಸ್ ನಿನ್ನ ಸಂಪಾದನೆಯಿಂದಲೇ ಕಟ್ಟಬೇಕು, ಆಗದಿದ್ದರೆ ಕಾರಿಲ್ಲ. ಹೀಗೆ ಷರತ್ತು ಹಾಕಿ, ಆಮೇಲೆ ಮಗಳ ಕ್ಷೇಮಕ್ಕೆಂದು ಒಂದು ದೈತ್ಯ ಡೀಸೆಲ್ ಗಾಡಿಯನ್ನು ನೋಡಿಟ್ಟಿದ್ದರು. ಮುಂಬಯಿಯ ಅರ್ಧ ಗಲ್ಲಿಗಳಿಗೆ ಅದು ಹೊಗುವುದೇ ಇಲ್ಲ.

"ಆಂಟಿ, ಪಪ್ಪ ಎಷ್ಟು ಬಡಾ ಗಾಡಿ ಸೆಲೆಕ್ಟ್ ಮಾಡಿದ್ದಾರೆ ಅಂದ್ರೆ, ಉಸ್ಕಾ ಇನ್ಶೂರೆನ್ಸ್ ನನ್ನಿಂದ ಆಗೋದೇ ಇಲ್ಲ," ಎಂದಳು ಪೂರ್ವಿ ತನ್ನ ಹಿಂದಿ ಬೆರೆತ ಕನ್ನಡದಲ್ಲಿ. "ಅಜ್ಜಿ ಕಾ ಭಜನ್ ಗಯಾ."

ಶೆಟ್ಟರು ಗೋಳಿಬಜೆಯನ್ನು ನನ್ನ ಕಡೆ ಸರಿಸುತ್ತ, ಸಣ್ಣ ವಯಸ್ಸಿನವರು ಓಡಿಸಿದರೆ ವಿಮೆ ಹೇಗೂ ದುಬಾರಿ ಅಲ್ಲವೇ, ದುಬೈಯಲ್ಲಿರುವ ಅವರ ಭಾವ ಹಾಗೆಂದಿದ್ದಾರೆ ಎಂದರು. ದುಬೈಯದು ದುಬೈಗೆ ಎಂದೆ. ನಮ್ಮಲ್ಲಿ ಮನೆಬಳಕೆಯ ಕಾರಿನ ವಿಮೆ ಸಾಮಾನ್ಯವಾಗಿ ಓಡಿಸುವವರ ವಯಸ್ಸನ್ನು ನೋಡುವುದಿಲ್ಲ. ಎಂಜಿನ್ ಎಷ್ಟು ದೊಡ್ಡದು, ಗಾಡಿಯ ಈಗಿನ ಬೆಲೆ ಎಷ್ಟು, ಅದು ಯಾವ ಊರಿನದು, ಎಷ್ಟು ಹಳೆಯದು ಎಂದು ನೋಡುತ್ತದೆ. ಸಣ್ಣ ಪೆಟ್ರೋಲ್ ಎಂಜಿನ್ ಇದ್ದರೆ ಮೂರನೆಯವರ ನಷ್ಟಕ್ಕೆ ಕಟ್ಟುವ ಕಡ್ಡಾಯದ ಪಾಲೇ ಕಡಿಮೆಯಾಗುತ್ತದೆ. ಅಪ್ಪ ಮಗಳು ಇಬ್ಬರೂ ಶೋರೂಮಿಗೆ ಹೊರಡಲು ಎದ್ದರು. ನಾನು ಕೂರಿಸಿದೆ.

"ಶೋರೂಮು ಆಮೇಲೆ, ಶೆಟ್ಟರೇ. ಮೊದಲು ಗ್ಯಾರೇಜಿಗೆ ಹೋಗೋಣ ಬನ್ನಿ."

ಹೊಸಬರೇ, ಇದನ್ನು ಮಾತ್ರ ಮರೆಯಬೇಡಿ. ಶೋರೂಮಿನಲ್ಲಿ ಎಲ್ಲ ಕಾರೂ ಮದುವಣಗಿತ್ತಿ. ಅದರ ನಿಜವಾದ ಗುಣ ತಿಳಿಯಬೇಕಾದರೆ ಡೆಂಟಿಂಗ್-ಪೇಂಟಿಂಗ್ ಮಾಡುವ ಗ್ಯಾರೇಜಿಗೆ ಹೋಗಬೇಕು. ಯಾವ ಗಾಡಿ ಬಂದು ಸಂಜೆಗೇ ಹೋಗುತ್ತದೆ, ಯಾವುದು ಬಿಡಿಭಾಗ ಬರಲಿಲ್ಲವೆಂದು ಧೂಳು ಕುಡಿಯುತ್ತ ಬಿದ್ದಿರುತ್ತದೆ ಎಂದು ಒಂದು ಸುತ್ತು ಹಾಕಿದರೆ ತಿಳಿಯುತ್ತದೆ. ನನ್ನ ಕೆಲಸದ ದಿನಗಳಲ್ಲಿ ನಾನು ಹೆಚ್ಚು ಓಡಾಡಿದ ಗ್ಯಾರೇಜು ಸಯನ್‌ನಲ್ಲೇ ಇತ್ತು. ವರ್ಷಗಳ ನಂತರ ಹೋದರೂ ಆ ಬಣ್ಣದ, ಗ್ರೀಸಿನ ವಾಸನೆ ಮೂಗಿಗೆ ಬಡಿದಾಗ ನನಗೆ ತವರಿಗೆ ಬಂದಷ್ಟು ಖುಷಿಯಾಯಿತು.

ಶೆಟ್ಟರು ನೋಡಿಟ್ಟ ಜಾತಿಯ ದೈತ್ಯ ಗಾಡಿಯೊಂದು ಅಲ್ಲೇ ಒಂದು ಕಣ್ಣು ಕಳೆದುಕೊಂಡು ನಿಂತಿತ್ತು. ಆ ಒಂದು ಹೆಡ್‌ಲೈಟಿನ ಬೆಲೆ ಕೇಳಿ ಶೆಟ್ಟರು ಕನ್ನಡಿ ಒಡೆದವರ ಹಾಗೆ ಎರಡು ಹೆಜ್ಜೆ ಹಿಂದೆ ಸರಿದರು. ಪೂರ್ವಿ ಮಾತ್ರ ಉಪ್ಪಿನಕಾಯಿಗೆ ಮಾವಿನಕಾಯಿ ಆರಿಸುವ ಮುತುವರ್ಜಿಯಿಂದ ಒಂದೊಂದು ಗಾಡಿಯ ಮುಂದೆ ನಿಂತು ಬಂಪರಿಗೆ ಎಷ್ಟು, ಬಾಗಿಲಿಗೆ ಎಷ್ಟು ದಿನ ಎಂದು ಕೇಳುತ್ತ ಹೋದಳು. ಒಂದೇ ತರಹದ ಸಣ್ಣ ಕಾರು ಅಲ್ಲಿ ನಾಲ್ಕಾರು ಕಂಡವು. ಇಷ್ಟೊಂದು ಗುದ್ದಿಕೊಳ್ಳುವ ಕಾರು ನಮಗೆ ಬೇಡ ಎಂದು ಶೆಟ್ಟರು ತಲೆಯಾಡಿಸಿದರು. ಹಾಗಲ್ಲ, ರಸ್ತೆಯ ಮೇಲೆ ಅವು ಹೆಚ್ಚಿವೆ, ಅದಕ್ಕೇ ಇಲ್ಲಿಯೂ ಹೆಚ್ಚಿವೆ, ಬಿಡಿಭಾಗ ಪಕ್ಕದ ಅಂಗಡಿಯಲ್ಲೇ ಸಿಗುತ್ತದೆ ಎಂದು ವಿವರಿಸಿದೆ. ಅಲ್ಲಿಂದ ಹೊರಗೆ ಬರುವಾಗ ಪೂರ್ವಿ ತನ್ನ ಕಾರು ಯಾವುದೆಂದು ನಿಶ್ಚಯಿಸಿದ್ದಳು. ಏರ್‌ಬ್ಯಾಗು ಸರಿಯಾಗಿರುವ, ಅಪಘಾತ ಕಾಣದ, ಎರಡು ಮೂರು ವರ್ಷ ಓಡಿದ ಅಂಥದೊಂದು ಬಿಳಿ ಕಾರು ದಾದರಿನ ಒಬ್ಬರ ಬಳಿ ಸಿಕ್ಕಿತು. ಚಾಸಿ ನಂಬರನ್ನು ನಾನೇ ಪೆನ್ಸಿಲಿನಿಂದ ಉಜ್ಜಿ ತೆಗೆದೆ. ಅಗತ್ಯವೇನೂ ಇರಲಿಲ್ಲ, ಆಸೆಯಾಯಿತು.

ಆದರೂ ಲೆಕ್ಕ ಕೂಡಲಿಲ್ಲ. ಪ್ರೀಮಿಯಂ ಕೆಳಗಿಳಿದಿತ್ತು, ಪೂರ್ವಿಯ ಕೈಗೆ ಎಟುಕುವಷ್ಟು ಇಳಿದಿರಲಿಲ್ಲ. ಮಾರುವವರ ಪಾಲಿಸಿಯಲ್ಲಿ ಒಳ್ಳೆಯ ರಿಯಾಯಿತಿ ಇದೆಯಲ್ಲ, ಕಾರಿನ ಜೊತೆ ಅದೂ ಬರುತ್ತದಲ್ಲ ಎಂದು ಅವಳ ಕಣ್ಣರಳಿತು. ಎಷ್ಟೋ ಜನ ಹೀಗೆಯೇ ತಿಳಿದಿರುತ್ತಾರೆ. ವರ್ಷಾನುಗಟ್ಟಲೆ ಕ್ಲೇಮು ಮಾಡದವರಿಗೆ ಸಿಗುವ ಆ ನೋ ಕ್ಲೇಮ್ ಬೋನಸ್ಸು ಕಾರಿಗೆ ಸೇರಿದ್ದಲ್ಲ, ಮಾಲೀಕರಿಗೆ ಸೇರಿದ್ದು. ಮಾರಿದವರು ಅದನ್ನು ತಮ್ಮ ಜೊತೆಯೇ ಕೊಂಡುಹೋಗುತ್ತಾರೆ. ಹುಡುಗಿಯ ಮುಖ ಬಾಡಿತು. ಶೆಟ್ಟರ ಮುಖದಲ್ಲಿ ಮಾತ್ರ, ಎಷ್ಟು ಬಚ್ಚಿಟ್ಟರೂ, ಸ್ವಲ್ಪ ನಿರಾಳ ಕಂಡಿತು.

ಆ ಮಾತು ನಡೆದದ್ದು ಶೆಟ್ಟರ ಮನೆಯ ಹಾಲಿನಲ್ಲಿ. ಒಳಗಿನಿಂದ ಸುಂದರಿ ಅಜ್ಜಿ ಗೋಡೆ ಹಿಡಿದುಕೊಂಡು ನಿಧಾನವಾಗಿ ಬಂದು ಕುರ್ಚಿಯಲ್ಲಿ ಕೂತರು. ಕಾರು ಯಾರ ಹೆಸರಿಗೆ ಎಂದು ವಿಚಾರಿಸಿದರು. ಈ ಸಲ ಪದ್ಧತಿ ಮುರಿದು ಮಗಳ ಹೆಸರಿಗೇ ಮಾಡುತ್ತೇನೆ, ಹೊಸ ಕಾಲ ಎಂದರು ಶೆಟ್ಟರು. ಅಜ್ಜಿ ತಲೆಯಾಡಿಸಿದರು, ಆದರೆ ಅವರ ಮೋರೆ ಸಣ್ಣದಾದದ್ದು ನನಗೆ ಕಂಡಿತು. ಆಗ ಹೊಳೆಯಿತು ನೋಡಿ ನನಗೆ. ಕೆಳಗೆ ಬಟ್ಟೆ ಹೊದ್ದು ನಿಂತ ಆ ಕಾರು! ಹೊರಗೆ ಹೋದರೆ ತಾನೇ ಗುದ್ದುವುದು? ಶೆಟ್ಟರು ಒಂದು ವರ್ಷವೂ ತಪ್ಪದೆ ಅದರ ಪೂರ್ತಿ ವಿಮೆ ಕಟ್ಟಿದ್ದರು, ಒಂದೇ ಒಂದು ಕ್ಲೇಮು ಮಾಡಿರಲಿಲ್ಲ. ಲೈಸೆನ್ಸಿಲ್ಲದ, ಸ್ಟಿಯರಿಂಗ್ ಮುಟ್ಟದ ಸುಂದರಿ ಶೆಡ್ತಿಯವರ ಹೆಸರಿನಲ್ಲಿ ನಮ್ಮಲ್ಲಿ ಕೊಡುವ ಅತಿ ಹೆಚ್ಚಿನ ಬೋನಸ್ಸು ಕೂತಿತ್ತು. ಕಾರಿಗಾಗುವ ಹಾನಿಗೆಂದು ಕಟ್ಟುವ ಪಾಲಿನಲ್ಲಿ ಅರ್ಧಕ್ಕರ್ಧ ರಿಯಾಯಿತಿ.

ಹಳೆಯ ಕಾರನ್ನು ಮಾರಿ ಕಂಪನಿಯಿಂದ ಪತ್ರ ತೆಗೆದುಕೊಂಡರೆ ಆ ಬೋನಸ್ಸು ಅಜ್ಜಿಯ ಮುಂದಿನ ಕಾರಿಗೆ ಬರುತ್ತದೆ, ಆದರೆ ಕಾರು ಅಜ್ಜಿಯ ಹೆಸರಿನಲ್ಲೇ ಇರಬೇಕು ಎಂದು ಹೇಳಿದೆ. ಪಕ್ಕಾ ಲೈಸೆನ್ಸಿರುವ ಮೊಮ್ಮಗಳು ಓಡಿಸಲು ಯಾವ ಅಡ್ಡಿಯೂ ಇಲ್ಲ. ಮಾಲೀಕರೇ ಚಾಲಕರಾದಾಗ ತೆಗೆದುಕೊಳ್ಳುವ ಅಪಘಾತ ವಿಮೆ ಅಜ್ಜಿಗೆ ಬೇಕಿಲ್ಲ, ಅದರ ಬದಲು ಕಾರಿನಲ್ಲಿ ಕೂರುವವರಿಗೆಲ್ಲ ಸೇರುವ ಹಾಗೆ ತೆಗೆದುಕೊಳ್ಳಿ ಎಂದೂ ಸೇರಿಸಿದೆ. ಪೂರ್ವಿ ಫೋನಿನಲ್ಲಿ ಮತ್ತೆ ಲೆಕ್ಕ ಹಾಕಿದಳು. ಹಾಕಿ, ಫೋನನ್ನು ಅಪ್ಪನ ಮುಖದ ಮುಂದೆ ಹಿಡಿದಳು.

"ಅಂದ್ರೆ ನನ್ನ ಹೆಸರಿಗೆ ಇಷ್ಟು ಬೆಲೆ ಉಂಟಾ?" ಎಂದು ಕೇಳಿದರು ಅಜ್ಜಿ.

ಇಡೀ ಮುಂಬಯಿಯಲ್ಲಿ ಇದಕ್ಕಿಂತ ಒಳ್ಳೆಯ ಹೆಸರು ಇರಲಾರದು ಎಂದೆ ನಾನು. ಅಜ್ಜಿ ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕರು. ಅಜ್ಜಿ ಹೀಗೆ ನಗದೆ ಎಷ್ಟು ದಿನವಾಗಿತ್ತು ಎಂದು ಪೂರ್ವಿ ಆಮೇಲೆ ನನಗೆ ಹೇಳಿದಳು. ಅಷ್ಟು ವರ್ಷ ಕ್ಲೇಮು ಬರೆದು ಬರೆದು ಸವೆದ ಕೈ ನನ್ನದು, ಕ್ಲೇಮು ಮಾಡದವರನ್ನು ಎದುರಿಗೆ ಕೂರಿಸಿಕೊಂಡು ಸಂತೋಷಪಟ್ಟದ್ದು ಅದೇ ಮೊದಲು.

ಹಳೆಯ ಕಾರು ಮಾರಾಟವಾಯಿತು, ಅಜ್ಜಿಯ ಹೆಸರಿಗೆ ಬಿಳಿ ಕಾರು ಬಂತು. ಚಕ್ರದಡಿ ನಿಂಬೆಹಣ್ಣು ಇಟ್ಟು ಪೂಜೆಯಾಯಿತು. ಪೂರ್ವಿ ತನ್ನ ಸಂಪಾದನೆಯಿಂದ ಪ್ರೀಮಿಯಂ ಕಟ್ಟಿದಳು. ಶನಿವಾರದ ಭಜನೆಗೆ ತಾಳ ಮರಳಿತು. ಹುಡುಗಿ ಎಷ್ಟು ಜೋಪಾನವಾಗಿ ಓಡಿಸುತ್ತಿದ್ದಳೆಂದರೆ ಹಿಂದಿನ ಟ್ಯಾಕ್ಸಿಯವರು ಹಾರ್ನ್ ಹೊಡೆದು ಹೊಡೆದು ಸೋಲುತ್ತಿದ್ದರು. ಹಿಂದಿನ ಸೀಟಿನಲ್ಲಿ ಶೆಟ್ಟರು ಇಲ್ಲದ ಬ್ರೇಕನ್ನು ಒತ್ತುತ್ತ, ಎಡಕ್ಕೆ, ಮೆಲ್ಲ, ನೋಡು ಎನ್ನುತ್ತ ಕೂರುತ್ತಿದ್ದರು. ಇನ್ನೂ ಕೈ ಹದವಾಗಿಲ್ಲ ಎಂಬುದು ಮಗಳ ಬಗ್ಗೆ ಅವರ ಖಾಯಂ ದೂರು.

ವರ್ಷ ಮುಗಿಯುತ್ತ ಬಂದಾಗ ಒಂದು ಶನಿವಾರ ಮಧ್ಯಾಹ್ನ ಶೆಟ್ಟರ ಫೋನು ಬಂತು. ದನಿ ಕುಗ್ಗಿತ್ತು. ಕಾರಿನ ಹಿಂದಿನ ಸೀಟಿನ ಒಂದು ಬಾಗಿಲಿಗೆ ಪೆಟ್ಟಾಗಿದೆ, ಬಾಗಿಲು ಪೂರ್ತಿ ಒಳಗೆ ಹೋಗಿದೆ, ಕ್ಲೇಮು ಮಾಡಬಹುದಾ ಎಂದು ಕೇಳಿದರು. ಪೂರ್ವಿಗೆ ಏನಾದರೂ ಆಯಿತೇ ಎಂದು ಚಪ್ಪಲಿ ಸರಿಯಾಗಿ ಮೆಟ್ಟದೆ ಓಡಿದೆ. ಬಿಲ್ಡಿಂಗಿನ ಕೆಳಗೆ ಎಲ್ಲರೂ ಕಾರಿನ ಸುತ್ತ ನಿಂತಿದ್ದರು. ಪೂರ್ವಿ ನೆಟ್ಟಗಿದ್ದಳು, ಅಜ್ಜಿಯೂ ನೆಟ್ಟಗಿದ್ದರು. ಗೇಟಿನ ಕಂಬಕ್ಕೆ ಬಿಳಿ ಬಣ್ಣ ಮೆತ್ತಿತ್ತು. ಹಳೆಯ ಅಭ್ಯಾಸ, ನಾನು ಮೊದಲು ಗಾಡಿಯ ಜೊತೆ ಮಾತಾಡಿದೆ. ಚಾಲಕನ ಸೀಟು ತೀರಾ ಹಿಂದೆ ಸರಿದಿತ್ತು. ಗಿಡ್ಡನೆಯ ಪೂರ್ವಿಯ ಕಾಲು ಅಲ್ಲಿಂದ ಬ್ರೇಕಿಗೆ ತಾಗುವುದಿಲ್ಲ. ನಾನು ಆರಡಿ ಎತ್ತರದ ಶೆಟ್ಟರ ಮುಖ ನೋಡಿದೆ. ಅವರು ಕಂಬದ ಮುಖ ನೋಡಿದರು.

ಮಗಳಿಗೆ ತಿರುಗಿಸಿಕೊಳ್ಳಲು ಸುಲಭವಾಗಲಿ ಎಂದು ತಾವೇ ಕಾರು ತೆಗೆದು ನಿಲ್ಲಿಸಲು ಹೋಗಿದ್ದರಂತೆ. ಹೋಗಲಿ, ಕ್ಲೇಮು ಮಾಡಿದರೆ ರಿಪೇರಿಯ ಹಣ ಬರುತ್ತದೆ. ಆದರೆ ಓಡಿಸಿದವರು ಯಾರೇ ಇರಲಿ, ಒಂದು ಕ್ಲೇಮು ಹೋದರೆ ಅಜ್ಜಿಯ ಬೋನಸ್ಸು ಪೂರ್ತಿ ಹೋಗುತ್ತದೆ, ಮುಂದಿನ ವರ್ಷ ಪ್ರೀಮಿಯಂ ಪೂರ್ವಿಯ ಕೈ ಮೀರುತ್ತದೆ. ಷರತ್ತಿನ ಪ್ರಕಾರ ಕಾರೂ ಹೋಯಿತು, ಶನಿವಾರವೂ ಹೋಯಿತು. ಅವರು ಹಾಕಿದ ಷರತ್ತು ಅವರ ಕೈಯಿಂದಲೇ ಹೀಗೆ ನಿಜವಾಗುವುದರಲ್ಲಿತ್ತು. ಹೆಚ್ಚಾದದ್ದನ್ನು ನಾನೇ ಕಟ್ಟುತ್ತೇನೆ ಎಂದು ಶೆಟ್ಟರು ಮೆತ್ತಗೆ ಹೇಳಿದರು. ಷರತ್ತು ಎಂದರೆ ಷರತ್ತು ಎಂದಳು ಮಗಳು. ಅವಳ ಕಣ್ಣಲ್ಲಿ ನೀರಿತ್ತು. ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ ಕೋಲೂರಿಕೊಂಡು ಮಗನ ಮುಂದೆ ಬಂದು ನಿಂತರು.

"ಜಯಾ, ನನ್ನ ಬೋನಸ್ಸಿಗೆ ಕೈ ಹಾಕ್ಬೇಡ. ಬಾಗಿಲು ನೀನು ಮಾಡಿಸಿ ಕೊಡು. ಇನ್ನು ಈ ಗಾಡಿಯ ಚಾವಿ ಪೂರ್ವಿಯ ಕೈಯಲ್ಲೇ ಇರ್ಲಿ."

ಶೆಟ್ಟರು ಚಾವಿಯನ್ನು ಮಗಳ ಕೈಗಿಟ್ಟರು. ಪೂರ್ವಿ ಕಣ್ಣೊರೆಸಿಕೊಂಡು ಸೀಟನ್ನು ಮುಂದೆ ಎಳೆದುಕೊಂಡಳು. ಭಜನೆಗೆ ಹೊತ್ತಾಗಿತ್ತು, ನನ್ನನ್ನೂ ಹತ್ತಿಸಿಕೊಂಡರು. ಪೆಟ್ಟಾದ ಬದಿಯ ಬಾಗಿಲು ತೆರೆಯುತ್ತಿರಲಿಲ್ಲವಾದ್ದರಿಂದ ನಾನೂ ಶೆಟ್ಟರೂ ಹಿಂದೆ ಒಂದೇ ಬಾಗಿಲಿನಿಂದ ತೂರಿಕೊಂಡು ಕೂತೆವು. ಮಾಟುಂಗದ ತಿರುವಿನಲ್ಲಿ ನನ್ನ ಮೂಗು ಎಚ್ಚರವಾಯಿತು. ಇಂಗು, ಕೊತ್ತಂಬರಿ, ಹುಣಸೆಹುಳಿ. ಶೆಟ್ಟರು ತೊಡೆಯ ಮೇಲಿದ್ದ ಟವೆಲು ಸುತ್ತಿದ ಟಿಫಿನ್ ಕ್ಯಾರಿಯರನ್ನು ಇನ್ನಷ್ಟು ಅಪ್ಪಿಕೊಂಡು, ಭಜನೆಯವರಿಗೆ ತಿನ್ನಲಿಕ್ಕೆ ರತ್ನಕ್ಕ, ಮಾರ್ಲಿಕ್ಕಲ್ಲ ಎಂದರು. ಸ್ವಂತ ಸಾಮಾನು, ಪಾಸು ಎಂದೆ ನಾನು. ಮುಂದಿನ ಸೀಟಿನಲ್ಲಿ ಅಜ್ಜಿ ಆಗಲೇ ತಾಳ ಕೈಗೆತ್ತಿಕೊಂಡಿದ್ದರು. ಶೆಟ್ಟರು ದಾರಿಯುದ್ದಕ್ಕೂ ಎಡಕ್ಕೆ ಎನ್ನಲಿಲ್ಲ, ಮೆಲ್ಲ ಎನ್ನಲಿಲ್ಲ, ಬ್ರೇಕನ್ನೂ ಒತ್ತಲಿಲ್ಲ.